ಕೂಟ: ನೊಂದ ಪ್ರಜೆಗಳ ನಿರಾಯುಧ ಸಭೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದಿಂದ ವಿಜಯನಗರದ ಮೂಲಕ ಮೈಸೂರು ರಸ್ತೆಗೆ ಇಳಿದು ಕೆಂಗೇರಿಯ ಕಡೆಗೆ ಸಾಗುವವರು ಸಾಯಂಕಾಲದ ಹೊತ್ತಿನಲ್ಲಿ ಒಂದು ದೃಶ್ಯವನ್ನು ತಪ್ಪದೆ ಕಾಣುತ್ತಾರೆ. ಸಿದ್ಧ ಉಡುಪುಗಳ ಕಾರ್ಖಾನೆಗಳ ಬಾಗಿಲು ತೆರೆಯುತ್ತದೆ. ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ ಹೆಣ್ಣುಮಕ್ಕಳು ಸಾಲುಸಾಲಾಗಿ ಹೊರಬರುತ್ತಾರೆ. ಅವರಲ್ಲಿ ಬಹುಮಂದಿ ಮಂಡ್ಯ, ರಾಮನಗರ, ತುಮಕೂರು ಕಡೆಯ ಹಳ್ಳಿಗಳಿಂದ ಬಂದವರು. ಒಕ್ಕಲುತನ ಕೈಹಿಡಿಯದೆ ಹೋದುದರಿಂದ ಹೊಲಿಗೆ ಯಂತ್ರವನ್ನು ನಂಬಿದವರು. ದಿನನಿತ್ಯ ಯಾರ ಗಮನಕ್ಕೂ ಬಾರದೆ ಮನೆ ಸೇರುವ ಈ ಹೆಣ್ಣುಮಕ್ಕಳು 2016ನೆಯ ಇಸವಿ ಏಪ್ರಿಲ್ 18 ಮತ್ತು 19ರಂದು ಮನೆಗೆ ಹೋಗದೆ ರಸ್ತೆಯಲ್ಲಿಯೇ ಕುಳಿತರು. ಹೊಸೂರು ರಸ್ತೆಯಲ್ಲಿ ಆರಂಭವಾದ ಆ ಪ್ರತಿಭಟನೆ ಮರುದಿನ ಪೀಣ್ಯ, ಜಾಲಹಳ್ಳಿ, ಮೈಸೂರು ರಸ್ತೆಗಳಿಗೂ ಹಬ್ಬಿತು. ಕರೆ ಕೊಟ್ಟ ನಾಯಕರಿರಲಿಲ್ಲ, ಮುನ್ನಡೆಸಿದ ಪಕ್ಷವಿರಲಿಲ್ಲ. ಆದರೂ ಎರಡನೆಯ ದಿನ ಮುಗಿಯುವುದರೊಳಗೆ ಕೇಂದ್ರ ಸರಕಾರ ತನ್ನದೊಂದು ಆಜ್ಞೆಯನ್ನು ಹಿಂದಕ್ಕೆ ಪಡೆಯಿತು.

ನಾಯಕರಿಲ್ಲದ ಜನ ಹೀಗೆ ಒಟ್ಟುಗೂಡುವುದು ಹೇಗೆ, ಅದಕ್ಕೆ ಬಲ ಬರುವುದು ಎಲ್ಲಿಂದ, ಆ ಬಲ ಕೆಡುವುದು ಯಾವಾಗ ಎಂಬ ಪ್ರಶ್ನೆಗಳು ಅಂದು ಅನೇಕರ ಮನಸ್ಸಿನಲ್ಲಿ ಎದ್ದವು. ಇದು ಹೊಸ ಕಾಲದ ವಿದ್ಯಮಾನವೆಂದು ತಿಳಿದವರೂ ಉಂಟು. ವಾಸ್ತವವಾಗಿ ಕನ್ನಡ ನಾಡಿಗೆ ಇದು ಅಪರಿಚಿತವಾದುದಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರೇ ಇದ್ದಿತು. ಆ ಹೆಸರು 'ಕೂಟ'. ಈ ಸಂಸ್ಥೆಯ ಸ್ವರೂಪವನ್ನೂ, ಅದು ನಡೆದ ರೀತಿಯನ್ನೂ, ಅದಕ್ಕೆ ಒದಗಿದ ಗತಿಯನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಶಬ್ದದ ಎರಡು ಅರ್ಥಗಳು

'ಕೂಡು' ಎಂಬ ಅಚ್ಚಗನ್ನಡ ಧಾತುವಿನಿಂದ 'ಕೂಟ' ಎಂಬ ನಾಮಪದ ಸಿದ್ಧಿಸಿದೆ. ಎರಡು ನದಿಗಳು ಕೂಡುವ ಸ್ಥಾನ 'ಕೂಡಲ'. ಮನುಷ್ಯರು ಒಂದೆಡೆ ಸೇರುವುದು 'ಕೂಟ'. ಈ ಶಬ್ದದಲ್ಲಿ ಸಮಾನರ ಮಿಲನವೆಂಬ ಭಾವ ಅಡಗಿದೆ. ಒಬ್ಬನು ಕರೆಸಿ ಉಳಿದವರು ಕೈಕಟ್ಟಿ ನಿಂತರೆ ಅದು ಓಲಗವಾಗುತ್ತದೆಯೇ ಹೊರತು ಕೂಟವಾಗುವುದಿಲ್ಲ.

ಸಂಸ್ಕೃತದಲ್ಲಿಯೂ ಇದೇ ಉಚ್ಚಾರಣೆಯ ಇನ್ನೊಂದು ಶಬ್ದವುಂಟು. ಅದಕ್ಕೆ ಶಿಖರ, ರಾಶಿ ಎಂಬ ಅರ್ಥಗಳಲ್ಲದೆ ಕಪಟ, ವಂಚನೆ ಎಂಬ ಅರ್ಥಗಳೂ ಇವೆ. ಕೂಟಸಾಕ್ಷಿಯೆಂದರೆ ಸುಳ್ಳುಸಾಕ್ಷಿ, ಕೂಟನೀತಿಯೆಂದರೆ ಕಪಟನೀತಿ. ಹತ್ತೊಂಬತ್ತನೆಯ ಶತಮಾನದ ನಮ್ಮ ಚರಿತ್ರೆಯನ್ನು ಓದುವಾಗ ಈ ಎರಡು ಅರ್ಥಗಳನ್ನು ನೆನಪಿನಲ್ಲಿಟ್ಟುಕೊಂಡರೆ ಅನುಕೂಲ. ಒಕ್ಕಲುಮಕ್ಕಳು ಸೇರಿದಾಗ ತಾವು ಕೂಡಿದ್ದೇವೆಂದು ಅವರು ತಿಳಿದರು. ಅದನ್ನು ನೋಡಿದ ಅಧಿಕಾರಿಗಳು ತಮ್ಮ ವಿರುದ್ಧ ಒಳಸಂಚು ನಡೆದಿದೆಯೆಂದು ತಿಳಿದರು. ಒಂದೇ ಸಭೆಯನ್ನು ಎರಡು ಕಣ್ಣುಗಳು ಎರಡು ಬಗೆಯಾಗಿ ಕಂಡುದೇ ಆ ಕಾಲದ ದುರಂತಕ್ಕೆಲ್ಲ ಮೂಲ.

ಮಗುಚಿದ ನೇಗಿಲು

ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಆಡಳಿತವನ್ನು ಹದಿನೆಂಟು ಇಲಾಖೆಗಳ 'ಅಠಾರಾ ಕಚೇರಿ'ಯಾಗಿ ವಿಂಗಡಿಸಿದವರೆಂದು ಇವರಿಗೆ ಖ್ಯಾತಿ. ಇವರ ಕಾಲದಲ್ಲಿ ಭೂಕಂದಾಯದ ಜೊತೆಗೆ ಹಲವು ಬಿಡಿತೆರಿಗೆಗಳು ಸೇರಿದುವು. ಇದನ್ನು ವಿರೋಧಿಸಿ ಒಕ್ಕಲಿಗರು ಬೇಸಾಯವನ್ನೇ ನಿಲ್ಲಿಸಿದರೆಂದೂ, ಅವರಿಗೆ ಜಂಗಮರು ಬೆಂಬಲವಾಗಿ ನಿಂತರೆಂದೂ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಈತನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಇವನ ಇತಿಹಾಸಗ್ರಂಥದ ಮೊದಲ ಸಂಪುಟ ಪ್ರಕಟವಾದದ್ದು 1810ರಲ್ಲಿ. ನೇಗಿಲನ್ನು ಮಗುಚಿ ಊರಬಾಗಿಲಿನ ಮರಕ್ಕೆ ತೂಗುಹಾಕುವುದು ಅಂದಿನ ಪ್ರತಿಭಟನೆಯ ಚಿಹ್ನೆಯಾಗಿತ್ತೆಂದು ಅವನು ಹೇಳುತ್ತಾನೆ. ಅರಸನು ಜಂಗಮರನ್ನು ನಂಜನಗೂಡಿಗೆ ಆಮಂತ್ರಿಸಿ, ಬಂದವರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನೆಂದೂ, ಏಳುನೂರಕ್ಕೂ ಮಿಕ್ಕ ಮಠಗಳನ್ನು ನಾಶಪಡಿಸಿದನೆಂದೂ ಅದೇ ಗ್ರಂಥದಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ವಿಲ್ಕ್ಸ್ ಬರೆದದ್ದು ಘಟನೆ ನಡೆಯಿತೆನ್ನಲಾದ ಕಾಲಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಅನಂತರ; ಕೇಳಿಬಂದ ಸಂಪ್ರದಾಯವನ್ನು ಆಧರಿಸಿ. ಆದುದರಿಂದ ಕೊಲೆಯ ಸಂಖ್ಯೆಯನ್ನೂ ಸನ್ನಿವೇಶವನ್ನೂ ಸಂದೇಹಿಸಿದ ವಿದ್ವಾಂಸರಿದ್ದಾರೆ. ಅವರ ಸಂದೇಹ ನಿರಾಧಾರವಾದುದಲ್ಲ. ನಾವು ಗಮನಿಸಬೇಕಾದುದು ಬೇರೆ. ರೈತನ ಕೈಯಲ್ಲಿದ್ದ ಏಕಮಾತ್ರ ಆಯುಧ ನೇಗಿಲು. ಅದನ್ನು ಅವನು ಯಾರ ಮೇಲೂ ಎತ್ತಲಿಲ್ಲ. ತಲೆಕೆಳಗು ಮಾಡಿ ಮರಕ್ಕೆ ತೂಗುಹಾಕಿದನು. 'ನಿನ್ನನ್ನು ಹೊಡೆಯುವುದಿಲ್ಲ, ಆದರೆ ನಿನಗಾಗಿ ಉಳುವುದೂ ಇಲ್ಲ' ಎಂಬುದು ಅದರ ಅಭಿಪ್ರಾಯ. ಅಸಹಕಾರವೆಂಬ ಹೆಸರು ಹುಟ್ಟುವುದಕ್ಕೆ ಬಹಳ ಮುಂಚೆಯೇ ಅದರ ತತ್ತ್ವ ಈ ನಾಡಿನ ಊರಬಾಗಿಲಿನಲ್ಲಿ ತೂಗುತ್ತಿತ್ತೆಂಬ ನೆನಪನ್ನು ಆ ಗ್ರಂಥ ಉಳಿಸಿಕೊಟ್ಟಿದೆ.

ನಗರದ ಕೂಟಗಳು

ಕೂಟದ ವಿಷಯವಾಗಿ ಹೆಚ್ಚು ದೃಢವಾದ ದಾಖಲೆಗಳು ದೊರೆಯುವುದು 1830–31ರ ನಗರದ ದಂಗೆಯ ಸಂದರ್ಭದಲ್ಲಿ. ಇಲ್ಲಿ ನಗರವೆಂದರೆ ಹಿಂದಿನ ಬಿದನೂರು. ಈಗಿನ ಶಿವಮೊಗ್ಗ ಜಿಲ್ಲೆಯ ಭಾಗ. ಕೆಳದಿಯ ವೀರಶೈವ ಅರಸರ ಕೊನೆಯ ರಾಜಧಾನಿಯಾಗಿದ್ದ ಇದು 1763ರಲ್ಲಿ ಹೈದರಾಲಿಯ ವಶವಾಗಿ, 1799ರ ಅನಂತರ ಮೈಸೂರು ಸಂಸ್ಥಾನದ ಆರು ಫೌಜುದಾರಿಗಳಲ್ಲಿ ಒಂದಾಗಿತ್ತು.

ದಂಗೆಗೆ ಕಾರಣವೇನೆಂಬುದನ್ನು ತಿಳಿಯಲು ಆಗಿನ ಕಂದಾಯದ ವ್ಯವಸ್ಥೆಯನ್ನು ಅರಿಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ದಿವಾನ್ ಪೂರ್ಣಯ್ಯನವರಿಂದ ಆಡಳಿತವನ್ನು ವಹಿಸಿಕೊಂಡಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚಿನ ಹಣವಿತ್ತೆಂದು ಹೇಳಲಾಗಿದೆ. ಎರಡು ದಶಕಗಳಲ್ಲಿ ಅದು ಕರಗಿತು. ಅತ್ತ 1799ರ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿವರ್ಷ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು 24½ ಲಕ್ಷ ರೂಪಾಯಿಗಳನ್ನು ಸಲ್ಲಿಸಲೇಬೇಕಾಗಿತ್ತು. ದಾನಧರ್ಮ, ವಿಲಾಸ, ಆಸ್ಥಾನದ ವೆಚ್ಚ ಇವು ಕುಗ್ಗಲಿಲ್ಲ. ಈ ಕೊರತೆಯನ್ನು ತುಂಬಲು ಹೂಡಿದ ಉಪಾಯವೇ 'ಶರತ್ತು' ಎಂಬ ಪದ್ಧತಿ.

ಶರತ್ತಿನ ಕ್ರಮ ಹೀಗಿತ್ತು: ತಾಲ್ಲೂಕಿನ ಅಮಲ್ದಾರನು ಇಷ್ಟು ಹಣವನ್ನು ವಸೂಲು ಮಾಡಿಕೊಡುತ್ತೇನೆಂದು ಮುಂಚಿತವಾಗಿ ಕರಾರು ಬರೆದುಕೊಡಬೇಕು. ವಸೂಲಿ ಹೆಚ್ಚಾದರೆ ಹೆಚ್ಚಿದ್ದು ಸರಕಾರಕ್ಕೆ. ಕಡಿಮೆಯಾದರೆ ಕಡಿಮೆಯಾದುದನ್ನು ಅವನೇ ತುಂಬಬೇಕು. ರೈತರನ್ನು ಪೀಡಿಸಕೂಡದು, ಹೊಸ ತೆರಿಗೆ ಹಾಕಕೂಡದು, ಸರಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರವಾಗಿ ರೈತರಿಗೆ ಮಾರಕೂಡದು ಎಂಬ ನಿಬಂಧನೆಗಳೂ ಅದೇ ಕರಾರಿನಲ್ಲಿರುತ್ತಿದ್ದುವು. ಆದರೆ ಮೊತ್ತವನ್ನು ಮೊದಲೇ ನಿಗದಿಪಡಿಸಿ, ದಾರಿಯನ್ನು ಅಮಲ್ದಾರನಿಗೆ ಬಿಟ್ಟ ಮೇಲೆ ನಿಬಂಧನೆ ಕಾಗದದ ಮೇಲೆಯೇ ಉಳಿಯುವುದು ಸಹಜ. ಕರಾರನ್ನು ಪೂರೈಸಲಾರದೆ ಅಮಲ್ದಾರನು ರೈತನನ್ನು ಹಿಂಡಿದನು. ರೈತನಿಗೆ ಹಿಂಡುವುದಕ್ಕೆ ಯಾರೂ ಇರಲಿಲ್ಲ. ಅದೇ ವರ್ಷಗಳಲ್ಲಿ ಧಾನ್ಯದ ಬೆಲೆ ಇಳಿಯಿತು. ತೆರಿಗೆ ಹಣದ ರೂಪದಲ್ಲಿ, ಆದಾಯ ಧಾನ್ಯದ ರೂಪದಲ್ಲಿ ಇದ್ದಾಗ ಬೆಲೆ ಇಳಿದರೆ ತೆರಿಗೆ ತಾನಾಗಿಯೇ ಏರಿದಂತೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಕಾಲದ ಬಿಡಿತೆರಿಗೆಗಳ ಪಟ್ಟಿಯನ್ನು ನೋಡಿದರೆ ಆಶ್ಚರ್ಯವೂ ದುಃಖವೂ ಏಕಕಾಲದಲ್ಲಿ ಉಂಟಾಗುತ್ತವೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ, ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ಒಂದು ಹಳ್ಳಿಯವರ ಪೂರ್ವಜರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಅವರ ಸಂತತಿಯವರೆಲ್ಲ ತೆರಿಗೆ ಕೊಡಬೇಕಾಗಿತ್ತು. ನಗರದ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನಿಗೂ ದಂಡ ವಿಧಿಸಲಾಗುತ್ತಿತ್ತು. ಇಂಥ 769 ಬಿಡಿತೆರಿಗೆಗಳನ್ನು ಮುಂದೆ ಕಮಿಷನರರ ಆಡಳಿತದಲ್ಲಿ ರದ್ದುಪಡಿಸಬೇಕಾಯಿತೆಂದು ಮೈಸೂರು ಗೆಜೆಟಿಯರಿನಿಂದ ತಿಳಿದುಬರುತ್ತದೆ.

ಎಚ್ಚರಿಕೆಯ ಮಾತು ಬಾರದೆ ಇರಲಿಲ್ಲ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೊ 1825ರಲ್ಲಿ ಮೈಸೂರಿಗೆ ಬಂದು, ಹೀಗೆಯೇ ಮುಂದುವರಿದರೆ ಕಂಪನಿ ನೇರವಾಗಿ ಕೈಹಾಕಬೇಕಾದೀತೆಂದು ಮಹಾರಾಜರಿಗೆ ತಿಳಿಸಿದನು. ಪರಿಸ್ಥಿತಿ ಸುಧಾರಿಸಲಿಲ್ಲ. ನಗರದ ಫೌಜುದಾರಿಗೆ ಹೊಸದಾಗಿ ಬಂದ ವೀರರಾಜೇ ಅರಸು ಹಿಂದಿನ ಅಧಿಕಾರಿಗಳು ಕೊಟ್ಟಿದ್ದ ಕಂದಾಯದ ವಿನಾಯಿತಿಗಳನ್ನು ಪರಿಶೀಲಿಸಿ, ಹಳೆಯ ಬಾಕಿಗಳನ್ನು ಕೇಳತೊಡಗಿದನು. ತುಂಬಿದ ಕೊಡಕ್ಕೆ ಕೊನೆಯ ಹನಿ ಬಿದ್ದಿತು.

1830ರ ಮಳೆಗಾಲ ಕಳೆಯುತ್ತಿದ್ದಂತೆ ಊರಿಂದೂರಿಗೆ ಕರೆ ಹೋಯಿತು. ಗೌಡರು, ಪಟೇಲರು, ಒಕ್ಕಲುಗಳು ತಮ್ಮ ಹಳ್ಳಿಗಳನ್ನು ಬಿಟ್ಟು ಬಯಲುಗಳಲ್ಲಿ ಸೇರಿದರು. ಇವೇ ಕೂಟಗಳು. ಒಬ್ಬೊಬ್ಬನಾಗಿ ಕಚೇರಿಗೆ ಹೋದರೆ ಅಮಲ್ದಾರನು ಚಾವಡಿಯಲ್ಲಿ ಕೂಡಿಹಾಕುತ್ತಾನೆ. ಊರಿಗೆ ಊರೇ ಒಂದೆಡೆ ಕುಳಿತರೆ ಯಾರನ್ನು ಕೂಡಿಹಾಕುವುದು? ತಮ್ಮ ಅಹವಾಲನ್ನು ಮೇಲಿನವರು ಕೇಳುವತನಕ ಕಂದಾಯ ಕೊಡುವುದಿಲ್ಲವೆಂದು ಅವರು ಹೇಳಿದರು. ಇದರ ಹಿಂದೆ ಅರಸೊತ್ತಿಗೆಯನ್ನು ಉರುಳಿಸುವ ಸಂಕಲ್ಪವಿರಲಿಲ್ಲ. ಅಮಲ್ದಾರನ ಮೇಲೆ ದೂರು ಹೇಳಲು ಮಹಾರಾಜರತ್ತ ಮುಖಮಾಡಿ ಕುಳಿತ ಪ್ರಜೆಗಳು ಅವರು. ದೊರೆಗೆ ನಿಜ ತಿಳಿದರೆ ನ್ಯಾಯ ಸಿಕ್ಕೀತೆಂಬ ನಂಬಿಕೆಯೇ ಕೂಟದ ತಳಹದಿ.

ಇದೇ ಕಾಲದಲ್ಲಿ ಪಶ್ಚಿಮ ಘಟ್ಟದ ಕೆಳಗೆ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಯಲ್ಲಿಯೂ, ಮಂಗಳೂರಿನಿಂದ ಕಾಸರಗೋಡಿನವರೆಗೆ ಇಂಥ ಕೂಟಗಳು ನಡೆದುವೆಂಬುದು ಗಮನಾರ್ಹ. ಅಲ್ಲಿ ಆಳುತ್ತಿದ್ದವರು ಮೈಸೂರಿನ ಅರಸರಲ್ಲ, ಕಂಪನಿಯವರೇ. ಬೆಲೆ ಕುಸಿದು ಕಂದಾಯ ಭಾರವಾಗಿತ್ತು. ಜನ ಅರ್ಜಿ ಬರೆದರು, ದೇವಸ್ಥಾನಗಳ ಆವರಣದಲ್ಲಿ ಸಭೆ ಸೇರಿದರು, ಕಂದಾಯವನ್ನು ತಡೆಹಿಡಿದರು. ಆಯುಧ ಹಿಡಿದ ದಂಗೆಯಾಗಿ ಅದು ಬೆಳೆಯಲಿಲ್ಲ. ಘಟ್ಟದ ಮೇಲೂ ಕೆಳಗೂ ಬೇರೆಬೇರೆ ಪ್ರಭುತ್ವಗಳಿದ್ದಾಗ್ಯೂ ಪ್ರಜೆಗಳು ಹಿಡಿದ ದಾರಿ ಒಂದೇ ಆಗಿದ್ದುದರಿಂದ, ಕೂಟವು ಯಾರೋ ಒಬ್ಬರು ಕಲ್ಪಿಸಿದ ತಂತ್ರವಲ್ಲ, ಜನಜೀವನದಲ್ಲಿ ರೂಢವಾಗಿದ್ದ ಪದ್ಧತಿಯೆಂದು ಊಹಿಸಬಹುದು.

ಕೂಟ ಕೆಟ್ಟದ್ದು ಹೇಗೆ

ನಗರದ ಕೂಟಗಳು ಕೊನೆಯವರೆಗೂ ಶಾಂತವಾಗಿ ಉಳಿಯಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ಚರಿತ್ರೆಗೆ ಮಾಡುವ ಅಪಚಾರ. ಅರಮನೆಯವರು ಮೊದಲು ಮಾತುಕತೆಗೆ ಅಧಿಕಾರಿಗಳನ್ನು ಕಳುಹಿಸಿದರೂ, ಬಹುಬೇಗ ಸಹನೆಯನ್ನು ಕಳೆದುಕೊಂಡು ಕೂಟಗಳನ್ನು ಚದುರಿಸಲು ಸೇನೆಯನ್ನು ನಿಯೋಗಿಸಿದರು. ಅಹವಾಲಿಗೆ ಬದಲಾಗಿ ಗುಂಡು ಬಂದಾಗ ಬಯಲಿನಲ್ಲಿ ಕುಳಿತವನಿಗೆ ಎರಡೇ ದಾರಿ: ಮನೆಗೆ ಹಿಂದಿರುಗುವುದು, ಇಲ್ಲವೆ ಕೋವಿ ಹಿಡಿದವನ ಆಶ್ರಯಕ್ಕೆ ಹೋಗುವುದು.

ಕೋವಿ ಹಿಡಿದವರು ಆಗಲೇ ಕಾದಿದ್ದರು. ಬೂದಿ ಬಸವಪ್ಪನೆಂಬವನು ತಾನು ಕೆಳದಿಯ ರಾಜವಂಶಕ್ಕೆ ಹಕ್ಕುದಾರನೆಂದು ಹೇಳಿಕೊಂಡು ಮುಂದೆ ಬಂದನು. ನಾಡು ಅಳಿದ ಅರಸರನ್ನು ಮರೆತಿರಲಿಲ್ಲವಾದುದರಿಂದ ಅನೇಕರು ಅವನನ್ನು ನಂಬಿದರು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನು ತನ್ನ ಮನೆತನದ ಕೋಟೆಗಳನ್ನು ಮರಳಿ ಪಡೆಯುವ ಹಂಬಲದಿಂದ ಎದ್ದನು. ಕಂದಾಯ ಇಳಿಸಬೇಕೆಂಬ ರೈತನ ಕೋರಿಕೆ, ಸಿಂಹಾಸನ ಬೇಕೆಂಬ ಹಕ್ಕುದಾರನ ಆಸೆ, ಕೋಟೆ ಬೇಕೆಂಬ ಪಾಳೆಯಗಾರನ ಹಟ ಈ ಮೂರೂ ಒಂದೇ ಹೆಸರಿನಲ್ಲಿ ಬೆರೆತುವು. ಬೆರೆತ ಮೇಲೆ ಮೊದಲನೆಯದರ ಧ್ವನಿ ಕೇಳಿಸದೆ ಹೋಯಿತು. ಮಹಾರಾಜರ ಸೇನೆಗೆ ದಂಗೆಯನ್ನು ಅಡಗಿಸಲಾಗಲಿಲ್ಲ. ಬ್ರಿಟಿಷ್ ಪಡೆಗಳು ಬಂದು 1831ರಲ್ಲಿ ನಗರವನ್ನು ಹಿಡಿದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ದುರಾಡಳಿತದ ಕಾರಣವನ್ನು ಮುಂದಿಟ್ಟು ಸಂಸ್ಥಾನದ ಆಡಳಿತವನ್ನು ಕಸಿದುಕೊಂಡನು.

ಅನಂತರ ಕಂಪನಿ ನೇಮಿಸಿದ ವಿಚಾರಣಾ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಒಪ್ಪಿಸಿತು. ದಂಗೆಯ ಮೂಲ ಕಾರಣ ಆಡಳಿತದ ದೋಷವೆಂದು ಅದು ಹೇಳಿತು. ರೈತರು ಬಯಲಿನಲ್ಲಿ ಕುಳಿತು ಹೇಳಬೇಕೆಂದಿದ್ದುದನ್ನೇ ಮೂರು ವರ್ಷಗಳ ಮೇಲೆ, ಅಸಂಖ್ಯಾತ ಪ್ರಾಣಗಳು ಹೋದ ಮೇಲೆ, ಪರದೇಶದ ಅಧಿಕಾರಿಗಳು ಇಂಗ್ಲಿಷಿನಲ್ಲಿ ಬರೆದರು. ಆ ಮಾತನ್ನು 1830ರಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡಿದ್ದರೆ ಸಂಸ್ಥಾನ ಐವತ್ತು ವರ್ಷಗಳ ಕಾಲ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಿರಲಿಲ್ಲ. ಒಡೆಯರ ಮನೆತನಕ್ಕೆ ಅಧಿಕಾರ ಹಿಂದಿರುಗಿದ್ದು 1881ರ ಮಾರ್ಚ್ 25ರಂದು.

ಬೆಂಗಳೂರಿನ ನಿವಾಸಿಗಳಾದ ನಾವು ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಕಮಿಷನರರ ಆಡಳಿತ ಆರಂಭವಾದೊಡನೆ ಸರಕಾರದ ಮುಖ್ಯ ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಬಂದುವು. ಮೊದಲು ಟಿಪ್ಪುವಿನ ಅರಮನೆಯಲ್ಲಿ, 1868ರಲ್ಲಿ ಅಠಾರಾ ಕಚೇರಿಯ ಕಟ್ಟಡ ಸಿದ್ಧವಾದ ಮೇಲೆ ಅಲ್ಲಿ, ಅವು ನಡೆದುವು. ಕೆಂಗೇರಿಯ ಮೂಲಕ ಎರಡು ನಗರಗಳನ್ನು ಕೂಡಿಸುವ ಹೆದ್ದಾರಿಯ ಆ ತುದಿಯಿಂದ ಈ ತುದಿಗೆ ಅಧಿಕಾರ ಸರಿಯಿತು. ಬೆಂಗಳೂರು ಆಡಳಿತದ ಕೇಂದ್ರವಾದುದಕ್ಕೆ ಹವೆ, ದಂಡು, ವ್ಯಾಪಾರ ಮುಂತಾದ ಕಾರಣಗಳನ್ನು ಹೇಳುವುದುಂಟು. ಮಲೆನಾಡಿನ ಬಯಲಿನಲ್ಲಿ ಕುಳಿತ ಹೆಸರಿಲ್ಲದ ಒಕ್ಕಲುಗಳೂ ಅದಕ್ಕೆ ಕಾರಣವೆಂಬುದನ್ನು ನಾವು ನೆನೆಯುವುದು ಅಪರೂಪ.

ನೇಗಿಲನ್ನು ಮರಳಿ ಹಿಡಿದವರು

ಸ್ವಾತಂತ್ರ್ಯಾನಂತರದಲ್ಲಿ ಅದೇ ಮಲೆನಾಡಿನಲ್ಲಿ ಕೂಟದ ಸತ್ತ್ವ ಹೊಸ ರೂಪದಲ್ಲಿ ಕಾಣಿಸಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರ ನ್ಯಾಯವಾದುದಲ್ಲವೆಂದು ಗೇಣಿದಾರರು ತಕರಾರು ಎತ್ತಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ತಾವು ಉಳುತ್ತಿದ್ದ ಹೊಲಕ್ಕೆ ಇಳಿಯುವುದು, ಬಂಧಿಸಲು ಬಂದರೆ ಕೈ ಎತ್ತದೆ ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು, ಇದೇ ಅದರ ಕ್ರಮ. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಅದರ ಮುಂದಾಳುಗಳು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಕೊಳಗದ ಅಳತೆಯಿಂದ ಹುಟ್ಟಿದ ಆ ತಕರಾರು ಉಳುವವನಿಗೇ ನೆಲವೆಂಬ ತತ್ತ್ವಕ್ಕೆ ಬೆಳೆದು, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಫಲಿಸಿತು. ಹಿಂದಿನವರು ನೇಗಿಲನ್ನು ಮರಕ್ಕೆ ತೂಗುಹಾಕಿ ಪ್ರತಿಭಟಿಸಿದರು. ಕಾಗೋಡಿನವರು ನೇಗಿಲನ್ನು ಹಿಡಿದು ಪ್ರತಿಭಟಿಸಿದರು. ಎರಡು ಕಡೆಯಲ್ಲಿಯೂ ನೇಗಿಲು ನೇಗಿಲಾಗಿಯೇ ಉಳಿಯಿತು.

ನರಗುಂದ ನವಲಗುಂದಗಳ ಕಥೆ ಬೇರೆ ಬಗೆಯದು. ಮಲಪ್ರಭಾ ಅಣೆಕಟ್ಟಿನ ನೀರು ಹೊಲಕ್ಕೆ ಸರಿಯಾಗಿ ಬರುವ ಮುನ್ನವೇ ಅಭಿವೃದ್ಧಿ ಕರ ಬಂದಿತು. ಅದೇ ಹೊತ್ತಿಗೆ ಹತ್ತಿಯ ಬೆಲೆ ಬಿದ್ದಿತು. 1980ರಲ್ಲಿ ರೈತರು ಸಮನ್ವಯ ಸಮಿತಿಯೊಂದನ್ನು ರಚಿಸಿಕೊಂಡು ಬೇಡಿಕೆಗಳನ್ನು ಬರೆದುಕೊಟ್ಟು, ವಾರಗಟ್ಟಲೆ ಕಚೇರಿಗಳ ಮುಂದೆ ಶಾಂತವಾಗಿ ಧರಣಿ ಕುಳಿತರು. ಉತ್ತರ ಬರಲಿಲ್ಲ. ಜುಲೈ 21ರಂದು ಘರ್ಷಣೆಯಾಗಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಉದ್ರಿಕ್ತರಾದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಈಗಲೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯ ಜಾಥಾ ಬಂದಿತು. ರಾಜ್ಯ ರೈತ ಸಂಘ ಬೆಳೆಯಿತು. 1983ರ ಚುನಾವಣೆಯಲ್ಲಿ ಸರಕಾರವೇ ಬದಲಾಯಿತು. ಗುಂಡಿನಿಂದ ಆಗದ ಕಾರ್ಯ ಮತದಿಂದ ಆಯಿತು. ಆದರೆ ಆ ಎರಡರ ನಡುವೆ ಹೋದ ಪ್ರಾಣಗಳನ್ನು ಯಾವ ಚುನಾವಣೆಯೂ ಹಿಂದಿರುಗಿಸಲಿಲ್ಲ.

ಹೊಲಿಗೆಯವರ ಎರಡು ದಿನಗಳು

ಈಗ ಆರಂಭದಲ್ಲಿ ಹೇಳಿದ 2016ರ ಪ್ರಸಂಗಕ್ಕೆ ಹಿಂದಿರುಗೋಣ. ಆ ಹೆಣ್ಣುಮಕ್ಕಳನ್ನು ರಸ್ತೆಗೆ ತಂದದ್ದು ಭವಿಷ್ಯನಿಧಿಯ ನಿಯಮದಲ್ಲಿ ಆದ ಒಂದು ತಿದ್ದುಪಡಿ. ನೌಕರಳ ವೇತನದಿಂದ ಒಂದು ಪಾಲು, ಮಾಲೀಕನಿಂದ ಒಂದು ಪಾಲು ಈ ನಿಧಿಗೆ ಸೇರುತ್ತವೆ. ಕೆಲಸ ಬಿಟ್ಟವರು ಎರಡನ್ನೂ ಹಿಂದಕ್ಕೆ ಪಡೆಯಬಹುದಾಗಿತ್ತು. ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ಕೊಡಲಾಗದೆಂದು 2016ರ ಫೆಬ್ರವರಿಯ ಆಜ್ಞೆ ಹೇಳಿತು. ವೃದ್ಧಾಪ್ಯಕ್ಕೆ ಭದ್ರತೆ ಎಂಬುದು ಅದರ ಸಮರ್ಥನೆ. ಆದರೆ ಹೊಲಿಗೆಯ ಕೆಲಸದಲ್ಲಿ 58ರವರೆಗೆ ಉಳಿಯುವವರು ವಿರಳ. ಕಣ್ಣು, ಬೆನ್ನು ಅದಕ್ಕೆ ಮೊದಲೇ ಸೋಲುತ್ತವೆ. ಕೈಗೆ ಬರುವ ಆ ಅಲ್ಪಮೊತ್ತವೇ ಮಗಳ ಓದಿಗೆ, ಸಾಲದ ತೀರುವಳಿಗೆ, ಊರಿನ ಮನೆಯ ಮಾಡಿಗೆ ಆಧಾರ. ದೂರದ ಕಚೇರಿಯಲ್ಲಿ ಭದ್ರತೆಯೆಂದು ಬರೆದದ್ದು ಇಲ್ಲಿ ಕಸಿದುಕೊಂಡಂತೆ ತೋರಿತು. ಅವರನ್ನು ಮುಂಚಿತವಾಗಿ ಕೇಳಿದವರಾಗಲಿ, ವಿವರಿಸಿ ಹೇಳಿದವರಾಗಲಿ ಇರಲಿಲ್ಲ.

ಮೊದಲನೆಯ ದಿನ ಅವರು ಕುಳಿತರು, ನಗರ ನಿಂತಿತು. ಎರಡನೆಯ ದಿನ ಕೆಲವು ಕಡೆ ಕಲ್ಲು ತೂರಲಾಯಿತು, ವಾಹನಗಳಿಗೆ ಬೆಂಕಿ ಬಿದ್ದಿತು. ಪೊಲೀಸರು ಲಾಠಿಯನ್ನೂ ಅಶ್ರುವಾಯುವನ್ನೂ ಪ್ರಯೋಗಿಸಿದರು. ಆ ದಿನವೇ ಕೇಂದ್ರದ ಕಾರ್ಮಿಕ ಸಚಿವರು ತಿದ್ದುಪಡಿಯನ್ನು ರದ್ದುಪಡಿಸಿದರು. ಬೇಡಿಕೆ ಈಡೇರಿದುದು ಕಲ್ಲಿನಿಂದ ಎಂದು ಹೇಳುವವರಿದ್ದಾರೆ. ಈ ವಾದ ವಿಮರ್ಶೆಗೆ ನಿಲ್ಲುವುದಿಲ್ಲ. ಬೆರಳೆಣಿಕೆಯ ಜನ ಕಲ್ಲೆಸೆದು ಹೋಗಿದ್ದರೆ ಯಾವ ಆಜ್ಞೆಯೂ ಬದಲಾಗುತ್ತಿರಲಿಲ್ಲ. ದೇಶದ ಉಡುಪಿನ ಉದ್ಯಮಕ್ಕೆ ಆಧಾರವಾದ ಸಾವಿರಾರು ಕೈಗಳು ಒಮ್ಮೆಗೇ ಹೊಲಿಗೆಯನ್ನು ನಿಲ್ಲಿಸಿದುವೆಂಬುದೇ ಅಲ್ಲಿನ ಬಲ. ಅದು ಮಗುಚಿದ ನೇಗಿಲಿನ ಬಲ. ಕಲ್ಲು ತಂದುಕೊಟ್ಟದ್ದು ಬೇರೆ: ಮೊಕದ್ದಮೆ, ಗಾಯ, ಮತ್ತು 'ಗಲಭೆಕೋರರು' ಎಂಬ ಹೆಸರು. ನಗರದ ಕೂಟಕ್ಕೆ ಬೂದಿ ಬಸವಪ್ಪನು ತಂದುಕೊಟ್ಟದ್ದೂ ಇದನ್ನೇ.

ಮೂರು ಲಕ್ಷಣಗಳು

ಇಷ್ಟು ಪ್ರಸಂಗಗಳನ್ನು ಪರಿಶೀಲಿಸಿದ ಮೇಲೆ ಕೂಟವು ಸಾರ್ಥಕವಾಗುವುದಕ್ಕೆ ಮೂರು ಅಂಗಗಳು ಬೇಕೆಂದು ತೋರುತ್ತದೆ. ಮೊದಲನೆಯದು, ಖಚಿತವಾದ ಅಹವಾಲು. ಕೊಳಗದ ಗಾತ್ರ, ಕರದ ಮೊತ್ತ, ನಿಧಿಯ ನಿಯಮ ಹೀಗೆ ಅಳೆದು ತೋರಿಸಬಹುದಾದ ದೂರು ಇದ್ದಾಗ ಜನ ಒಂದಾಗುತ್ತಾರೆ. ಆಳುವವರಿಗೂ ಉತ್ತರ ಕೊಡದೆ ವಿಧಿಯಿಲ್ಲ. ಎರಡನೆಯದು, ಸಂಯಮದಿಂದ ಕೂಡಿದ ಅಸಹಕಾರ. ತನ್ನ ಶ್ರಮವನ್ನು ತಡೆಹಿಡಿಯುವ ಹಕ್ಕು ಶ್ರಮಿಕನಿಗೆ ಉಂಟು. ಇನ್ನೊಬ್ಬನ ಪ್ರಾಣಕ್ಕೆ ಕೈಹಾಕುವ ಹಕ್ಕು ಇಲ್ಲ. ಮೂರನೆಯದು ಕೂಟದವರ ಕೈಯಲ್ಲಿಲ್ಲ. ಅದು ಕೇಳುವ ಕಿವಿ. ಮೊದಲ ಎರಡು ಅಂಗಗಳು ಸಮರ್ಪಕವಾಗಿದ್ದೂ ಮೂರನೆಯದು ಇಲ್ಲದೆ ಹೋದಾಗಲೇ 1830ರಲ್ಲಿಯೂ 1980ರಲ್ಲಿಯೂ ರಕ್ತ ಹರಿಯಿತು. ಶಾಂತಿಯನ್ನು ಪ್ರಜೆಗಳಿಗೆ ಮಾತ್ರ ಉಪದೇಶಿಸುವವರು ಈ ಅಂಶವನ್ನು ಮರೆಯಬಾರದು. ಶಾಂತಿಯುತವಾದ ದೂರಿಗೆ ಕಿವಿಗೊಡದವನು ಅಶಾಂತಿಯನ್ನು ತಾನೇ ಕೈಬೀಸಿ ಕರೆದಂತೆ.

ಶರಣಸಾಹಿತ್ಯದ ಅಭ್ಯಾಸಿಗಳಿಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ಪರಿಚಿತವಾದುದು. ನಿತ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ಆಯ್ದು ತಂದಾಗ, ಹೆಚ್ಚಿದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಇದನ್ನು ನಾವು ಸಾಮಾನ್ಯವಾಗಿ ವ್ಯಕ್ತಿಯ ವೈರಾಗ್ಯಕ್ಕೆ ದೃಷ್ಟಾಂತವಾಗಿ ಓದುತ್ತೇವೆ. ಪ್ರಭುತ್ವಕ್ಕೂ ಅನ್ವಯಿಸಿ ಓದಬಾರದೇಕೆ? ಅಕ್ಕಿ ಆಯುವ ಬಡವನಿಗೆ ವಿಧಿಸಿದ ಮಿತಿ ಬೊಕ್ಕಸ ತುಂಬುವ ಅರಸನಿಗೆ ಅನ್ವಯಿಸುವುದಿಲ್ಲವೆಂದರೆ ಆ ಧರ್ಮ ಬಡವನಿಗೆ ಮಾತ್ರ ಭಾರವಾದೀತು. ಮದುವೆಗೂ ಮಗುವಿಗೂ ತೆರಿಗೆ ಹಾಕಿದ ಕಾಲದಲ್ಲಿ, ಹೆಚ್ಚಾದುದನ್ನು ಹಿಂದಕ್ಕೆ ಸುರಿಯೆಂದು ಹೇಳುವ ಲಕ್ಕಮ್ಮ ಅರಮನೆಯಲ್ಲಿ ಇರಲಿಲ್ಲ. ಆ ಮಾತನ್ನು ಬಯಲಿನಲ್ಲಿ ಸೇರಿದ ಕೂಟ ಹೇಳಬೇಕಾಯಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 19ನೆಯ ವಿಧಿ ಪೌರರಿಗೆ ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಕೊಟ್ಟಿದೆ. ಈ ಎರಡು ವಿಶೇಷಣಗಳನ್ನು ಓದಿದಾಗ ಹಳೆಯ ಕೂಟದ ಚಿತ್ರವೇ ಕಣ್ಣಮುಂದೆ ಬರುತ್ತದೆ. ಹಿಂದೆ ಸೇನೆಯನ್ನು ಕಳುಹಿಸಿ ಚದುರಿಸುತ್ತಿದ್ದ ಸಭೆ ಇಂದು ಮೂಲಭೂತ ಹಕ್ಕು. ಬೆಂಗಳೂರಿನಲ್ಲಿ ಪ್ರತಿಭಟನೆಗಳಿಗೆ 2021ರ ಆದೇಶದಿಂದ ಸ್ವಾತಂತ್ರ್ಯ ಉದ್ಯಾನವೊಂದನ್ನೇ ಸ್ಥಳವಾಗಿ ಗೊತ್ತುಪಡಿಸಲಾಯಿತು. ಅದು ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗ. ಸಂಚಾರಕ್ಕೆ ಅಡ್ಡಿಯಾಗಬಾರದೆಂಬ ಕಾರಣ ಯುಕ್ತವಾದುದೇ. ಆದರೆ ಕೂಟಕ್ಕೆ ಸ್ಥಳವನ್ನು ಕೊಟ್ಟ ಮಾತ್ರಕ್ಕೆ ಕಿವಿಯನ್ನು ಕೊಟ್ಟಂತಾಗುವುದಿಲ್ಲ. ಗೋಡೆಯೊಳಗೆ ಕೂಗಿದುದು ಗೋಡೆಯ ಹೊರಗೆ ಕೇಳಿಸುವಂತೆ ನೋಡಿಕೊಳ್ಳುವುದು ಆಳುವವರ ಹೊಣೆ. ಕೂಗು ಕೂಗಾಗಿಯೇ ಉಳಿದು ಕಲ್ಲಾಗದಂತೆ ನೋಡಿಕೊಳ್ಳುವುದು ಕೂಡಿದವರ ಹೊಣೆ.

ಬಸವೇಶ್ವರರ ಹೆಸರನ್ನು ಹೊತ್ತ ಬಡಾವಣೆಯಲ್ಲಿ, ಅದರ ಸುತ್ತಲಿನ ರಾಜಾಜಿನಗರ, ವಿಜಯನಗರಗಳಲ್ಲಿ ವಾಸಿಸುವ ನಾವು ಸಾಯಂಕಾಲ ಕಾರ್ಖಾನೆಯಿಂದ ಹಿಂದಿರುಗುವ ಆ ಹೆಣ್ಣುಮಕ್ಕಳ ಸಾಲನ್ನು ಕಂಡಾಗ ನಗರದ ಬಯಲಿನ ಒಕ್ಕಲುಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅವರು ಕೇಳಿದ್ದು ಸಿಂಹಾಸನವನ್ನಲ್ಲ. ತಾವು ದುಡಿದುದರಲ್ಲಿ ತಮ್ಮ ಪಾಲು ತಮಗೆ ಉಳಿಯಬೇಕು, ಅದನ್ನು ಮುಟ್ಟುವ ಮೊದಲು ತಮ್ಮನ್ನು ಒಂದು ಮಾತು ಕೇಳಬೇಕು ಎಂಬುದಷ್ಟೇ ಅವರ ಅಹವಾಲು. ಎರಡು ಶತಮಾನಗಳಾಗುತ್ತ ಬಂದರೂ ಆ ಅಹವಾಲಿನ ಒಕ್ಕಣೆ ಬದಲಾಗಿಲ್ಲ.